ಬ್ಯಾನರ್ ಕಟ್ಟಿದ ಬಸ್ಸಿನ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಅಮ್ಮನ ಅಕ್ಕ ಅವಳು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂತರೂ ಹೊರಗಿನವರಿಗೆ ಸ್ಟೀರಿಂಗಿನ ಮೇಲೆ ಅವಳ ಕನ್ನಡಕ, ಹಣೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತಾತನಿಗೆ ಬೇಕರಿ ಇತ್ತು. ಬ್ರೆಡ್ ಹಂಚುವ ವ್ಯಾನು ಓಡಿಸೋಕೆ ಮನೆಯಲ್ಲಿ ಗಂಡುಮಕ್ಕಳಿಲ್ಲ ಅಂತ ಹಿರಿಮಗಳಿಗೇ ಗಾಡಿ ಕಲಿಸಿದರು. ಬೇಕರಿ ಮುಚ್ಚಿತು, ಗಾಡಿ ಓಡಿಸುವ ಕೈ ಉಳಿಯಿತು.

ಶಾಲೆಯ ಮಕ್ಕಳೆಲ್ಲ ಅವಳನ್ನು ಬಸ್ ಆಂಟಿ ಅನ್ನುತ್ತಿದ್ದರು. ಯಾರ ಮನೆ ಯಾವ ತಿರುವಿನಲ್ಲಿದೆ, ಯಾರಿಗೆ ಹಿಂದಿನ ಸೀಟಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತೆ, ಯಾರು ಪರೀಕ್ಷೆಯ ದಿನ ಬಸ್ಸು ಹತ್ತೋಕೆ ಅಳುತ್ತಾರೆ, ಎಲ್ಲ ಗೊತ್ತಿತ್ತು. ಹೆಸರು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. “ಏ ಎರಡು ಜಡೆ, ಕೈ ಒಳಗೆ ತಗೋ,” “ಏ ನೀಲಿ ಬ್ಯಾಗು, ಕೂತ್ಕೋ,” ಅಂತ ಕನ್ನಡಿ ನೋಡಿಕೊಂಡೇ ಕೂಗುತ್ತಿದ್ದಳು.

ಭಾನುವಾರ ಚರ್ಚಿನ ಕ್ವಾಯರಿನಲ್ಲಿ ಹೆಂಗಸರ ಸಾಲಿನ ತುದಿಯಲ್ಲಿ ನಿಂತು ತೀರಾ ಕೆಳಗಿನ ಸ್ವರ ಹಾಡುವವಳು ಅವಳೇ. ದನಿ ಅಷ್ಟು ದಪ್ಪ. ಫೋನು ಎತ್ತಿ ಹಲೋ ಅಂದರೆ ಆ ಕಡೆಯವರು, “ಸಾರ್, ಮೇಡಂ ಇದ್ದಾರಾ?” ಅನ್ನುತ್ತಿದ್ದರು. “ಇದ್ದಾಳೆ, ಕೊಡ್ತೀನಿ,” ಅಂದು ಒಂದು ಗಳಿಗೆ ಬಿಟ್ಟು ಅದೇ ದನಿಯಲ್ಲಿ ಮತ್ತೆ ಹಲೋ ಅನ್ನುತ್ತಿದ್ದಳು.

ದೊಡ್ಡಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕ್ವಾಯರಿನ ಬಿಳಿ ಗೌನುಗಳನ್ನೆಲ್ಲ ಹೊಲಿದವರು ಅವರೇ. ಅವರಿಗೆ ಮಕ್ಕಳಾಗಲಿಲ್ಲ. ಆ ವಿಷಯ ಅವರಿಬ್ಬರೂ ಆಡಿದ್ದನ್ನು ನಾನು ಕೇಳಿಲ್ಲ. ನಾನು ಅವರ ಮನೆಯಲ್ಲೇ ಅರ್ಧ ಬೆಳೆದವಳು, ಹಾಗಾಗಿ ಈ ಕಥೆಯೆಲ್ಲ ನನಗೆ ಅವರ ಅಡುಗೆಮನೆಯಲ್ಲಿ ಚೂರು ಚೂರಾಗಿ ಸಿಕ್ಕಿದ್ದು.

ಶಾಲೆಗೆ ರಜೆ ಬಂದರೆ ಬಸ್ಸಿನ ಮಾಲೀಕ ಗಾಡಿಯನ್ನು ಬಾಡಿಗೆಗೆ ಬಿಡುತ್ತಿದ್ದ, ಜೊತೆಗೆ ಡ್ರೈವರನ್ನೂ. ಆ ವರ್ಷ ದೊಡ್ಡಮ್ಮನನ್ನು ಕರೆದು, “ಕಾಲೇಜುಗಳಿಗೆ ಹೋಗ್ತಾರಂತೆ, ಎಲ್ಲಾ ಚರ್ಚಿನ ಕಾಲೇಜುಗಳು. ಒಳ್ಳೆ ಹುಡುಗ್ರು. ನಿಮಗೆ ಹೇಳಿ ಮಾಡಿಸಿದ ಹಾಗಿದೆ,” ಅಂದ. ಹಾಡುವ ತಂಡ ಇರಬೇಕು ಅಂದುಕೊಂಡಳು. ದಾರಿಯಲ್ಲಿ ನಾಲ್ಕು ಹೊಸ ಹಾಡು ಕಲಿತು ಬರಬಹುದು ಅಂತ ಖುಷಿಯಲ್ಲೇ ಬಟ್ಟೆ ಜೋಡಿಸಿಕೊಂಡಳು.

ಹೊರಡುವ ಬೆಳಿಗ್ಗೆ ಟೈರು ನೋಡಿ ಎದ್ದು ನಿಂತರೆ, ಇಬ್ಬರು ಹುಡುಗರು ಬಸ್ಸಿನ ಪಕ್ಕಕ್ಕೆ ಬ್ಯಾನರ್ ಕಟ್ಟುತ್ತಿದ್ದರು. ‘ದೇವರು ನಮ್ಮನ್ನೂ ಮಾಡಿದ್ದಾನೆ, ಬನ್ನಿ ಕೂತು ಮಾತಾಡೋಣ’ ಅಂತ ದೊಡ್ಡ ಅಕ್ಷರದಲ್ಲಿತ್ತು. ಅದರ ಕೆಳಗೆ, ತಾವು ಸಲಿಂಗಿಗಳು, ಟ್ರಾನ್ಸ್‌ಜೆಂಡರ್‌ಗಳು, ಅವರ ಸ್ನೇಹಿತರು ಅಂತ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ದೊಡ್ಡಮ್ಮ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ಓದಿದಳು. ಆಮೇಲೆ ಆಗಲೇ ನೋಡಿದ್ದ ಟೈರುಗಳನ್ನೇ ಇನ್ನೊಂದು ಸುತ್ತು ನೋಡಿಕೊಂಡು ಬಂದಳು.

ಆ ತಂಡ ಕಟ್ಟಿದವಳು ಒಬ್ಬ ಲೆಕ್ಕದ ಟೀಚರು. ಎತ್ತರದ ಹೆಂಗಸು, ಮಾತು ಕಡಿಮೆ. ಚರ್ಚಿನ ಶಾಲೆಯೊಂದರಲ್ಲಿ ತುಂಬಾ ವರ್ಷ ಪಾಠ ಮಾಡಿದವಳು. ತಾನು ಇನ್ನೊಬ್ಬ ಹೆಂಗಸಿನ ಜೊತೆ ಸಂಸಾರ ಮಾಡುತ್ತಿದ್ದೇನೆ ಅಂತ ಒಂದು ದಿನ ಸುಳ್ಳು ಹೇಳದೆ ಒಪ್ಪಿಕೊಂಡದ್ದಕ್ಕೆ ಆ ಕೆಲಸ ಹೋಗಿತ್ತು. ಚರ್ಚಿನ ಕಾಲೇಜುಗಳಲ್ಲಿ ಇಂಥ ಹುಡುಗ ಹುಡುಗಿಯರು ಸಿಕ್ಕಿಬಿದ್ದರೆ ಹೊರಗೆ ಹಾಕುತ್ತಿದ್ದರು. ಇವರು ಒಂದೊಂದೇ ಕಾಲೇಜಿಗೆ ಹೋಗಿ, ಬಾಗಿಲು ತೆಗೆದರೆ ಒಳಗೆ ಕೂತು, ತೆಗೆಯದಿದ್ದರೆ ಹೊರಗೆ ನಿಂತು ಮಾತಾಡುವವರು. ಕೂಗಾಟವಿಲ್ಲ, ಬೈದರೆ ತಿರುಗಿ ಬೈಯುವ ಹಾಗಿಲ್ಲ. ಅದನ್ನೆಲ್ಲ ಮೊದಲೇ ಅಭ್ಯಾಸ ಮಾಡಿಕೊಂಡು ಬಂದಿದ್ದರು.

ಟೀಚರು ದೊಡ್ಡಮ್ಮನ ಹತ್ತಿರ ಬಂದು, “ನಿಮ್ಮ ಮಾಲೀಕರು ನಿಮಗೆ ಹೇಳಿಲ್ಲ ಅನ್ಸುತ್ತೆ. ನಿಮಗೆ ಬೇಡ ಅನ್ಸಿದ್ರೆ ಈಗಲೇ ಹೇಳಿ. ನಮಗೆ ಬೇಜಾರಿಲ್ಲ, ಬೇರೆ ಡ್ರೈವರನ್ನ ಹುಡುಕ್ಕೋತೀವಿ,” ಅಂದಳು.

ದೊಡ್ಡಮ್ಮ ಬ್ಯಾನರಿನ ಕಡೆ ಕೈ ತೋರಿಸಿ, “ಇಂಡಿಕೇಟರ್ ಮೇಲೆ ಕಟ್ಟಿದ್ದಾರೆ. ಹಿಂದೆ ಬರೋರಿಗೆ ಕಾಣಲ್ಲ. ಸ್ವಲ್ಪ ಮೇಲಕ್ಕೆ ಕಟ್ಟೋಕೆ ಹೇಳಿ,” ಅಂದಳು.

ಟೀಚರು ಅದನ್ನು ಒಪ್ಪಿಗೆ ಅಂದುಕೊಂಡಳು. “ಒಪ್ಪಿಗೆನೂ ಅಲ್ಲ, ಏನೂ ಅಲ್ಲ,” ಅಂತ ದೊಡ್ಡಮ್ಮ ಆಮೇಲೆ ನಮಗೆ ಹೇಳುತ್ತಿದ್ದಳು. “ಆ ಕ್ಷಣಕ್ಕೆ ಬಾಯಿಗೆ ಬೇರೆ ಏನೂ ಬರಲಿಲ್ಲ. ಅವರು ಮೇಲಕ್ಕೆ ಕಟ್ಟಿಬಿಟ್ಟರು. ಕಟ್ಟಿಸಿದ ಮೇಲೆ ಹೋಗದೆ ಇರೋಕಾಗುತ್ತಾ?”

ಬಸ್ಸು ಹೊರಡುವ ಮೊದಲು ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ದೊಡ್ಡಮ್ಮನಿಗೆ ಅದೇ ಮೊದಲ ಆಶ್ಚರ್ಯ. ಇವರು ದೇವರ ಜೊತೆ ಜಗಳ ಆಡಿ ಹೊರಟವರು ಅಂದುಕೊಂಡಿದ್ದಳು. ನೋಡಿದರೆ ಎಂಜಿನ್ ಚೆನ್ನಾಗಿರಲಿ, ಡ್ರೈವರ್ ಆಂಟಿಯ ಬೆನ್ನು ನೋಯದಿರಲಿ ಅಂತ ಕೂಡ ಬೇಡಿಕೊಂಡರು. ತನ್ನ ಬೆನ್ನಿನ ವಿಷಯ ಇವರಿಗೆ ಯಾರು ಹೇಳಿದರೋ ಅಂತ ಅವಳು ಕನ್ನಡಿಯಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಹೇಳಿರಲಿಲ್ಲ. ಅವಳು ಬಸ್ಸು ಹತ್ತುವಾಗ ಸೊಂಟ ಹಿಡಿದುಕೊಂಡದ್ದನ್ನು ಒಬ್ಬ ನೋಡಿದ್ದ, ಅಷ್ಟೇ.

ನೋಡಿದವನನ್ನು ತಂಡದವರೆಲ್ಲ ‘ತಮ್ಮ’ ಅಂತಲೇ ಕರೆಯುತ್ತಿದ್ದರು. ಎಲ್ಲರಿಗಿಂತ ಚಿಕ್ಕವನು, ಮೀಸೆ ಆಗಷ್ಟೇ ಕುಡಿಯೊಡೆದಿತ್ತು. ಹುಟ್ಟಿದಾಗ ಮನೆಯವರು ಹೆಣ್ಣು ಅಂತ ಬರೆಸಿದ್ದರು, ಈಗ ಗಂಡಾಗಿ ಬಾಳುತ್ತಿದ್ದ. ಡ್ರೈವರ್ ಸೀಟಿನ ಹಿಂದೆಯೇ ಕೂತು ಗೇರು, ಕ್ಲಚ್ಚು ಅಂತ ತಲೆ ತಿನ್ನುತ್ತಿದ್ದ. ಮೊದಲೆರಡು ದಿನ ದೊಡ್ಡಮ್ಮನ ನಾಲಿಗೆ ತೊಡರಿತು. “ಅವಳು ಎಲ್ಲಿ ಹೋದಳು, ಬಸ್ಸು ಹೊರಡ್ಬೇಕು,” ಅಂದುಬಿಟ್ಟು, ಎದುರಿಗಿದ್ದವರ ಮುಖ ನೋಡಿ, “ಎಲ್ಲಿ ಹೋದ,” ಅಂತ ತಿದ್ದಿಕೊಳ್ಳುತ್ತಿದ್ದಳು. ಕೊನೆಗೆ ಅವನನ್ನೇ ಕೇಳಿದಳು.

“ನಿನಗೆ ನೋವಾಗುತ್ತಾ ನಾನು ತಪ್ಪಾಗಿ ಕರೆದ್ರೆ?”

“ಬೇಕಂತ ಕರೆದ್ರೆ ಆಗುತ್ತೆ. ನೀವು ಮೂರನೇ ಗೇರ್ ಹಾಕೋಕೆ ಹೋಗಿ ಮೊದಲನೇ ಗೇರಿಗೆ ಬಿದ್ದ ಹಾಗೆ ಕರೀತೀರಿ. ನಗು ಬರುತ್ತೆ.”

“ನನ್ನ ಗೇರು ಯಾವತ್ತೂ ತಪ್ಪಿಲ್ಲ,” ಅಂದಳು ದೊಡ್ಡಮ್ಮ. ಆಮೇಲೆ ಅವಳ ನಾಲಿಗೆಯೂ ತಪ್ಪಲಿಲ್ಲ.

ಮೊದಲು ಸಿಕ್ಕ ಕಾಲೇಜು ಮರ್ಯಾದೆಯಿಂದ ನಡೆದುಕೊಂಡಿತು. ಪ್ರಿನ್ಸಿಪಾಲರೇ ಗೇಟಿಗೆ ಬಂದು ಕರೆದುಕೊಂಡು ಹೋದರು. ಲೈಬ್ರರಿಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು, ಟೀ ಇತ್ತು. ಒಬ್ಬ ಮುದಿ ಪ್ರೊಫೆಸರ್, “ನೀವು ಹೇಳೋದು ನಾನು ಒಪ್ಪಲ್ಲ,” ಅಂತ ಶುರು ಮಾಡಿ, ತಾನೇ ಎಲ್ಲರ ಕಪ್ಪಿಗೂ ಟೀ ಬಗ್ಗಿಸುತ್ತಾ ಸಂಜೆಯ ತನಕ ವಾದ ಮಾಡಿದರಂತೆ. ದೊಡ್ಡಮ್ಮ ಒಳಗೆ ಹೋಗಲಿಲ್ಲ. ಬಸ್ಸಿನಲ್ಲೇ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಕಾಲೇಜು ಬಸ್ಸಿನ ಡ್ರೈವರ್ ಬಂದು ಪಕ್ಕದಲ್ಲಿ ನಿಂತ.

“ಇಂಥವರ ಜೊತೆ ಹೇಗಿರ್ತೀರಿ ನೀವು?”

“ನಾನು ಬರೀ ಡ್ರೈವರ್ರಪ್ಪ,” ಅಂದಳು. ಒಂದು ಸುತ್ತು ಹೆಣೆದ ಮೇಲೆ, “ಸೀಟಿನ ಮೇಲೆ ಕಾಲಿಡ್ತಾರೆ. ಹೇಳಿದ್ರೆ ತೆಗೀತಾರೆ. ನಮ್ಮ ಶಾಲೆ ಮಕ್ಕಳಿಗಿಂತ ವಾಸಿ,” ಅಂತ ಸೇರಿಸಿದಳು.

ಎಲ್ಲ ಕಡೆಯೂ ಟೀ ಸಿಗಲಿಲ್ಲ. ಒಂದು ಕಡೆ ಹುಡುಗರು ಬಸ್ಸಿಗೆ ಕೊಳೆತ ಟೊಮೇಟೊ ಎಸೆದರು. ಟೊಮೇಟೊ ಎಸೆದದ್ದಕ್ಕಿಂತ ಅದನ್ನು ಗಾಜಿಗೆ ಎಸೆದದ್ದು ದೊಡ್ಡಮ್ಮನಿಗೆ ಸಿಟ್ಟು ತರಿಸಿತು. ಇನ್ನೊಂದು ಕಡೆ ಒಬ್ಬ ಹೆಂಗಸು ಪ್ರತಿಯೊಬ್ಬರ ಮುಖದ ಮುಂದೆ ನಿಂತು, ನಿಮಗೆ ನರಕ ಕಾದಿದೆ ಅಂತ ಅಳುತ್ತಾ ಹೇಳಿದಳು. ನಿಜವಾಗಿ ಅಳುತ್ತಿದ್ದಳು. ತಮ್ಮ ತನ್ನ ಕರ್ಚೀಫು ಕೊಟ್ಟ, ಅವಳು ತೆಗೆದುಕೊಂಡು ಕಣ್ಣೊರೆಸಿಕೊಂಡು ಮತ್ತೆ ಅದನ್ನೇ ಹೇಳಿದಳು. ಅಲ್ಲಿಯವರೆಗೂ ಯಾರು ಏನು ಕೇಳಿದರೂ ದೊಡ್ಡಮ್ಮನದು ಒಂದೇ ಉತ್ತರ, ನಾನು ಬರೀ ಡ್ರೈವರ್ರು.

ಕೊನೆಯಲ್ಲಿ ಹೋಗಬೇಕಾಗಿದ್ದು ದೊಡ್ಡಮ್ಮನ ಚರ್ಚಿನವರೇ ನಡೆಸುವ ಕಾಲೇಜು. ಅವಳ ಚರ್ಚಿನಲ್ಲಿ ಯಾರ ಮಗು ಚೆನ್ನಾಗಿ ಓದಿದರೂ ಅಲ್ಲಿಗೇ ಹೋಗುವುದು. ಹತ್ತಿರವಾದಷ್ಟೂ ಅವಳು ಬಸ್ಸಿನ ವೇಗ ಇಳಿಸುತ್ತಾ ಬಂದಳು. ಗೇಟು ಮುಚ್ಚಿತ್ತು. ಪೊಲೀಸರ ಜೀಪು ಮೊದಲೇ ಬಂದು ನಿಂತಿತ್ತು. ತಂಡದವರು ಗೇಟಿನ ಹೊರಗೆ ಸಾಲಾಗಿ ನಿಂತು ಮೆಲ್ಲಗೆ ಹಾಡಿದರು. ಒಳಗೆ ವಿದ್ಯಾರ್ಥಿಗಳು ಕಿಟಕಿಗಳಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಟೀಚರೂ ಇನ್ನಿಬ್ಬರೂ ಪಕ್ಕದ ಸಣ್ಣ ಗೇಟಿನಿಂದ ಒಳಕ್ಕೆ ಕಾಲಿಟ್ಟರು. ಇಟ್ಟರೆ ಏನಾಗುತ್ತೆ ಅಂತ ಗೊತ್ತಿದ್ದೇ ಇಟ್ಟದ್ದು. ಪೊಲೀಸರು ಅವರ ತೋಳು ಹಿಡಿದು ಜೀಪಿಗೆ ಹತ್ತಿಸಿದರು. ಟೀಚರು ಹೋಗುವಾಗ ದೊಡ್ಡಮ್ಮನ ಕಡೆ ತಿರುಗಿ, “ಮಕ್ಕಳಿಗೆ ಊಟ ಮಾಡಿಸಿ,” ಅಂದಳು, ಯಾವುದೋ ಪಿಕ್ನಿಕ್ಕಿನ ಮಧ್ಯೆ ಹೋಗುತ್ತಿರುವ ಹಾಗೆ.

ಇನ್ಸ್‌ಪೆಕ್ಟರು ಬಸ್ಸನ್ನು ಅಲ್ಲಿಂದ ತೆಗೆಯಲು ಹೇಳಿದ. ಉಳಿದವರು ಗೇಟಿನ ಹತ್ತಿರವೇ ನಿಂತರು. ದೊಡ್ಡಮ್ಮ ಬಸ್ಸನ್ನು ಸುತ್ತಿಸಿಕೊಂಡು ಹೋಗಿ ಕಾಲೇಜಿನ ಹಿಂದುಗಡೆ, ಹಾಸ್ಟೆಲಿನ ಬಟ್ಟೆ ಒಣಗುವ ಅಂಗಳದ ಪಕ್ಕ ನಿಲ್ಲಿಸಿದಳು. ಬುತ್ತಿ ಬಿಚ್ಚೋಣ ಅಂತ ಎದ್ದಳು, ಯಾರೋ ಬಾಗಿಲು ತಟ್ಟಿದರು.

ಕೆಳಗೆ ಒಂದು ಹುಡುಗಿ ನಿಂತಿದ್ದಳು. ಕಣ್ಣು ಊದಿತ್ತು, ಕೂದಲು ಬಾಚಿರಲಿಲ್ಲ. “ಬಸ್ ಆಂಟೀ,” ಅಂದಳು.

ಆ ಎರಡು ಪದ ಕೇಳಿದ ಕೂಡಲೇ ಗುರುತು ಹತ್ತಿತು. ಪಾಸ್ಟರ ಮಗಳು. ದೊಡ್ಡಮ್ಮನದೇ ಚರ್ಚಿನ ಪಾಸ್ಟರು. ಆ ಮಗುವನ್ನು ಶಿಶುವಿಹಾರದಿಂದ ಹೈಸ್ಕೂಲಿನವರೆಗೂ ಶಾಲೆಗೆ ಕರೆದುಕೊಂಡು ಹೋಗಿ ಬಂದವಳು ಅವಳೇ.

“ನೀವು ಅವರ ಜೊತೆ ಬಂದಿದ್ದೀರಾ ಆಂಟಿ?”

ನಾನು ಬರೀ ಡ್ರೈವರ್ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹುಡುಗಿ ಬಾಗಿಲಿನ ಕಂಬಿಯನ್ನು ಹಿಡಿದುಕೊಂಡಿದ್ದ ರೀತಿ ನೋಡಿ ಅದು ಹೊರಗೆ ಬರಲಿಲ್ಲ.

“ಹೂಂ, ಅವರ ಜೊತೆನೇ ಬಂದಿದ್ದೀನಿ. ಮೇಲೆ ಬಾ.”

ಹುಡುಗಿ ಮೇಲೆ ಬಂದು ಕೂತಳು. ದೊಡ್ಡಮ್ಮ ಬ್ರೆಡ್ಡು, ಬೇಯಿಸಿದ ಮೊಟ್ಟೆ ಮುಂದಿಟ್ಟಳು. ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಬಿಡಿಸುತ್ತಾ ಹುಡುಗಿ ಎಲ್ಲ ಹೇಳಿದಳು. ಅವಳೂ ಅವಳ ರೂಮಿನ ಗೆಳತಿಯೂ ಒಬ್ಬರನ್ನೊಬ್ಬರು ಹಚ್ಚಿಕೊಂಡಿದ್ದರು. ವಾರ್ಡನ್‌ಗೆ ಗೊತ್ತಾಯಿತು. ಗೆಳತಿಯ ಅಪ್ಪ ಅಮ್ಮನನ್ನು ಕರೆಸಿ ಅವಳನ್ನು ಮನೆಗೆ ಕಳಿಸಿಬಿಟ್ಟರು. ಇವಳು ಪಾಸ್ಟರ ಮಗಳು ಅಂತ ಸ್ವಲ್ಪ ಕನಿಕರ ತೋರಿಸಿ, ಬುದ್ಧಿ ಹೇಳಿಸಿಕೊಳ್ಳೋಕೆ ದಿನಾ ಒಬ್ಬರ ಹತ್ತಿರ ಹೋಗು, ಬದಲಾಗದಿದ್ದರೆ ನಿಮ್ಮಪ್ಪನಿಗೆ ಫೋನ್ ಮಾಡುತ್ತೇವೆ ಅಂದಿದ್ದರು.

“ದಿನಾ ಹೋಗಿ ಕೂತ್ಕೋತೀನಿ ಆಂಟಿ. ಹೂಂ ಅಂತೀನಿ. ರೂಮಿಗೆ ಬಂದ್ರೆ ಅವಳ ಮಂಚ ಖಾಲಿ. ಊಟ ಸೇರಲ್ಲ. ನಾನೇನು ಮಾಡ್ಲಿ?”

ಟೀಚರಿದ್ದಿದ್ದರೆ ಸರಿಯಾದ ಮಾತು ಹೇಳುತ್ತಿದ್ದಳು, ಆದರೆ ಟೀಚರು ಪೊಲೀಸ್ ಸ್ಟೇಷನ್ನಿನಲ್ಲಿದ್ದಳು. ಕೊನೆಗೆ ದೊಡ್ಡಮ್ಮ ನಮ್ಮ ಮನೆಯ ಯಾವ ಹುಡುಗಿಗೆ ಸಂಬಂಧ ಬಂದಾಗಲೂ ಕೇಳುವುದನ್ನೇ ಕೇಳಿದಳು.

“ಆ ಹುಡುಗಿ ಒಳ್ಳೆಯವಳಾ?”

ಹುಡುಗಿ ತಲೆಯೆತ್ತಿ ನೋಡಿದಳು.

“ಅಲ್ಲ, ಕೇಳ್ತೀನಿ. ನಿನ್ನ ಚೆನ್ನಾಗಿ ನೋಡ್ಕೋತಾಳಾ? ಸಿಡುಕಿನವಳಾ? ಓದ್ತಾಳಾ?”

“ನನಗಿಂತ ಚೆನ್ನಾಗಿ ಓದ್ತಾಳೆ,” ಅಂದಳು ಹುಡುಗಿ. ನಗು ಬಂತು, ಜೊತೆಗೇ ಅಳುವೂ ಬಂತು. “ಸಿಡುಕು ಇದೆ ಆಂಟಿ. ಬೆಳಿಗ್ಗೆ ಎಬ್ಬಿಸಿದ್ರೆ ಸಿಡುಕ್ತಾಳೆ.”

“ಅದು ನಮ್ಮ ಮನೆ ಅಂಕಲ್‌ಗೂ ಇದೆ. ಅದಕ್ಕೇನು ಮಾಡೋಕಾಗಲ್ಲ.”

ಹುಡುಗಿ ಬ್ರೆಡ್ಡು ತಿಂದಳು, ಎರಡು ಮೊಟ್ಟೆ ತಿಂದಳು. ಅಪ್ಪನಿಗೆ ಹೇಳಬೇಡಿ ಅಂದಳು. ದೊಡ್ಡಮ್ಮ ಹೇಳಲ್ಲ ಅಂತ ಮಾತು ಕೊಟ್ಟಳು. ಸಂಜೆ ಸ್ಟೇಷನ್ನಿನಿಂದ ಟೀಚರನ್ನು ಬಿಡಿಸಿಕೊಂಡು ಬಂದ ಮೇಲೆ ಆ ಹುಡುಗಿಯನ್ನೂ ಟೀಚರನ್ನೂ ಫೋನಿನಲ್ಲಿ ಮಾತಾಡಿಸಿದಳು.

ಊರಿಗೆ ಬಂದರೆ ಪೇಪರಿನಲ್ಲಿ ಫೋಟೋ ಬಂದುಬಿಟ್ಟಿತ್ತು. ಮುಚ್ಚಿದ ಗೇಟು, ಬ್ಯಾನರು ಕಟ್ಟಿದ ಬಸ್ಸು, ಸ್ಟೀರಿಂಗಿನ ಮೇಲೆ ಕನ್ನಡಕ ಮತ್ತು ಹಣೆ. ನಮ್ಮೂರಿನಲ್ಲಿ ಆ ಹಣೆ ಗುರುತಿಲ್ಲದವರು ಯಾರೂ ಇರಲಿಲ್ಲ. ದೊಡ್ಡಪ್ಪ ಪೇಪರನ್ನು ಬೆಳಕಿಗೆ ಹಿಡಿದು ನೋಡಿ, “ಬ್ಯಾನರಿನ ಅಂಚು ಸರಿಯಾಗಿ ಕೂತಿಲ್ಲ. ಹೇಳಬಾರದಾ, ಹೊಲಿದು ಕೊಡ್ತಿದ್ದೆ,” ಅಂದರು. ಆಮೇಲೆ, “ಭಾನುವಾರ ಏನೋ ಕಾದಿದೆ ನಿನಗೆ,” ಅಂದರು.

ಕಾದಿತ್ತು. ಆರಾಧನೆ ಮುಗಿದ ಮೇಲೆ ಪಾಸ್ಟರು ತಮ್ಮ ಕೋಣೆಗೆ ಕರೆಸಿದರು. ಕ್ವಾಯರ್ ಮಾಸ್ಟರೂ ಅಲ್ಲಿದ್ದ. ಪಾಸ್ಟರು ಕೆಟ್ಟವರಲ್ಲ. ಸಣ್ಣ ದನಿಯ ಮನುಷ್ಯ, ಚರ್ಚಿನವರಲ್ಲಿ ಯಾರಿಗೆ ಕಾಯಿಲೆಯಾದರೂ ಮೊದಲು ಹೋಗುವವರು. ತಾತ ಸಾಯುವಾಗ ಪಕ್ಕದಲ್ಲಿ ಕೂತಿದ್ದವರೂ ಅವರೇ.

“ಆ ಬಸ್ಸು ಓಡಿಸಿದ್ದು ನೀವಾ?”

“ನಾನೇ ಪಾಸ್ಟರೇ.”

“ಬಾಡಿಗೆಗೆ ಅಂತ ಹೋಗಿದ್ರಿ. ಅವರು ಯಾರು ಅಂತ ನಿಮಗೆ ಗೊತ್ತಿರಲಿಲ್ಲ. ಅಷ್ಟು ಹೇಳಿಬಿಡಿ, ನಾನು ಚರ್ಚಿನ ಹಿರಿಯರಿಗೆ ಹೇಳ್ತೀನಿ, ಇಲ್ಲಿಗೇ ಮುಗಿಯುತ್ತೆ.”

ದಾರಿ ಅವರೇ ತೋರಿಸಿದ್ದರು. ಕ್ವಾಯರ್ ಮಾಸ್ಟರೂ ಹೇಳಿಬಿಡಿ ಅನ್ನುವ ಹಾಗೆ ತಲೆಯಾಡಿಸಿದ.

“ಮೊದಲನೇ ದಿನ ಬೆಳಿಗ್ಗೆ ತನಕ ಗೊತ್ತಿರಲಿಲ್ಲ,” ಅಂದಳು ದೊಡ್ಡಮ್ಮ. “ಆಮೇಲೆ ಗೊತ್ತಿತ್ತು. ಗೊತ್ತಿದ್ದೇ ಓಡಿಸಿದೆ.”

ಪಾಸ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹೇಳಿದರು, “ನಿಮಗೆ ಮಕ್ಕಳಿಲ್ಲ. ಹೀಗಂತ ಹೇಳ್ತಿದ್ದೀನಿ ಅಂತ ತಪ್ಪು ತಿಳೀಬೇಡಿ. ನಿಮ್ಮ ಮನೇಲೇ ಒಂದು ಮಗು ಹೀಗೆ ದಾರಿ ತಪ್ಪಿದ್ದಿದ್ರೆ ಆ ನೋವು ಏನು ಅಂತ ನಿಮಗೆ ಗೊತ್ತಾಗ್ತಿತ್ತು.”

ದೊಡ್ಡಮ್ಮ ಕೆಳಗೆ ನೋಡಿದಳು. ಒಂದೇ ಒಂದು ವಾಕ್ಯ ಆಡಿದ್ದರೆ ಆ ಕೋಣೆಯಲ್ಲಿ ಮಾತು ನಿಂತುಹೋಗುತ್ತಿತ್ತು. “ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡ್ಕೊಂಡಿದ್ದೆ ಕಣೇ,” ಅಂತ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದಳು. “ಸಿಟ್ಟಿಗಲ್ಲ. ಮಕ್ಕಳಿಲ್ಲ ಅಂದದ್ದು ಚುಚ್ಚಿತು, ಹೌದು. ಆದ್ರೆ ಅವರ ಮುಖ ನೋಡಿ ಪಾಪ ಅನ್ನಿಸ್ತು. ಇವರಿಗೆ ಇದು ಬರೋದಿದೆ, ಇವರಿಗೆ ಗೊತ್ತಿಲ್ಲ ಅಂತ.”

ಕ್ವಾಯರಿನಿಂದ ಸ್ವಲ್ಪ ಕಾಲ ವಿಶ್ರಾಂತಿ ತಗೊಳ್ಳಿ ಅಂದರು. ಮರುದಿನ ಕ್ವಾಯರ್ ಮಾಸ್ಟರ್ ದೊಡ್ಡಪ್ಪನ ಅಂಗಡಿಗೆ ಬಂದು, ಗೌನು ವಾಪಸ್ಸು ಕೊಟ್ಟರೆ ಹೊಸಬಳೊಬ್ಬಳಿಗೆ ಸರಿ ಮಾಡಿಸಬೇಕು ಅಂದ. ದೊಡ್ಡಪ್ಪ ಹೊಲಿಗೆ ನಿಲ್ಲಿಸದೆ, “ಅದು ಅವಳ ಅಳತೆಗೆ ಹೊಲಿದದ್ದು. ಉದ್ದ ಕಡಿಮೆ, ಅಗಲ ಜಾಸ್ತಿ. ಅಂಥ ಇನ್ನೊಬ್ಬಳು ಸಿಕ್ಕಿದ್ರೆ ಕರ್ಕೊಂಡು ಬನ್ನಿ, ನೋಡೋಣ,” ಅಂದರು. ಅವನು ಮತ್ತೆ ಆ ಕಡೆ ಬರಲಿಲ್ಲ.

ದೊಡ್ಡಮ್ಮ ಚರ್ಚು ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ತನ್ನ ಭಾಗವನ್ನು ಅಲ್ಲಿಂದಲೇ ಹಾಡಿದಳು. ಅಷ್ಟು ದಪ್ಪ ದನಿ ಬೆನ್ನ ಹಿಂದಿನಿಂದ ಬಂದರೆ ಮುಂದಿದ್ದವರು ತಿರುಗಿ ನೋಡದೆ ಇರೋಕಾಗುತ್ತಿರಲಿಲ್ಲ. ಕೆಲವರು ಮಾತು ಬಿಟ್ಟರು. ಇಬ್ಬರು ಮೂವರು ಅಮ್ಮಂದಿರು ಮಕ್ಕಳನ್ನು ಬಸ್ಸಿನಿಂದ ಬಿಡಿಸಿದರು, ಆಟೋದಲ್ಲಿ ಕಳಿಸಿ ಸಾಕಾಗಿ ವಾಪಸ್ಸು ಹತ್ತಿಸಿದರು. ದೊಡ್ಡಮ್ಮ ಏನೂ ಕೇಳಲಿಲ್ಲ. “ಏ ಕೆಂಪು ಸ್ವೆಟರ್, ನಿನ್ನ ಸೀಟು ಅಲ್ಲೇ ಇದೆ,” ಅಂದಳಂತೆ ಆ ಮಕ್ಕಳಿಗೆ.

ಕಾಲೇಜಿನವರು ಕೊನೆಗೂ ಪಾಸ್ಟರಿಗೆ ಫೋನ್ ಮಾಡುವ ಮೊದಲೇ ಹುಡುಗಿ ತಾನೇ ಮಾಡಿದಳು. ಏನು ಮಾತಾಯಿತೋ ನಮಗೆ ಗೊತ್ತಿಲ್ಲ. ಅವಳು ಮನೆಗೆ ಬರಲಿಲ್ಲ, ಕಾಲೇಜಿನಲ್ಲೂ ಉಳಿಯಲಿಲ್ಲ. ಲೆಕ್ಕದ ಟೀಚರ ಮನೆ ಸೇರಿಕೊಂಡಳು. ಕೆಲವು ವಾರಗಳಾದ ಮೇಲೆ ಆ ಗೆಳತಿಯೂ ಅಲ್ಲಿಗೇ ಬಂದಳು. ಊರಿನಲ್ಲಿ ಹೇಗೋ ಸುದ್ದಿ ಹಬ್ಬಿತು. ಒಂದು ಭಾನುವಾರ ಪಾಸ್ಟರು ಉಪದೇಶವನ್ನು ಮಧ್ಯೆ ನಿಲ್ಲಿಸಿ, ಪುಟ ಹುಡುಕುವವರ ಹಾಗೆ ತುಂಬಾ ಹೊತ್ತು ಕೆಳಗೆ ನೋಡುತ್ತಾ ನಿಂತುಬಿಟ್ಟರು. ಕ್ವಾಯರ್ ಮಾಸ್ಟರ್ ಸಂದರ್ಭ ನೋಡಿ ಹಾಡು ಶುರು ಮಾಡಿಸಿದ.

ಮರುದಿನ ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಬಂದು ದೊಡ್ಡಮ್ಮ ಶೆಡ್ಡಿನಲ್ಲಿ ಬಸ್ಸು ತೊಳೆಯುತ್ತಿದ್ದಳು. ಪಾಸ್ಟರು ನೀರಿನ ಹೊಂಡಗಳನ್ನು ದಾಟಿಕೊಂಡು ಒಬ್ಬರೇ ಬಂದರು. ಪೈಪು ಕೆಳಗಿಟ್ಟು ಕೈ ಒರೆಸಿಕೊಂಡಳು.

“ಅವಳು ಎಲ್ಲಿದ್ದಾಳೆ ಅಂತ ನಿಮಗೆ ಗೊತ್ತಿರಬಹುದು ಅಂತ ಅವಳಮ್ಮ ಅಂತಾಳೆ.”

“ಗೊತ್ತು.”

“ಆವತ್ತು ನನ್ನ ಕೋಣೇಲಿ ನಿಂತಿದ್ರಲ್ಲ. ಆಗಲೇ ಅವಳ ವಿಷಯ ಗೊತ್ತಿತ್ತಾ?”

“ಗೊತ್ತಿತ್ತು ಪಾಸ್ಟರೇ.”

ಅವರು ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪ್ಯಾಂಟು ಒದ್ದೆಯಾದದ್ದು ಅವರ ಗಮನಕ್ಕೆ ಬರಲಿಲ್ಲ. “ನಾನು ಅಷ್ಟು ಮಾತಾಡಿದೆ. ನೀವು ಯಾಕೆ ಹೇಳಲಿಲ್ಲ?”

“ಅದು ಅವಳು ಹೇಳಬೇಕಾದ ಮಾತು. ನಿಮ್ಮ ಮೇಲೆ ಎಸೆಯೋಕೆ ನಂಗೇನು ಹಕ್ಕಿತ್ತು?”

ಪೈಪಿನಿಂದ ನೀರು ಹರಿಯುತ್ತಲೇ ಇತ್ತು. ಆಮೇಲೆ ಅವರು ಬಹಳ ಸಣ್ಣ ದನಿಯಲ್ಲಿ, “ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀರಾ? ಅಷ್ಟು ದೂರ ಗಾಡಿ ಓಡಿಸೋಕೆ ನನ್ನ ಕೈಲಿ ಆಗಲ್ಲ ಈಗ,” ಅಂದರು.

“ಮೊದಲು ಅವಳನ್ನ ಕೇಳ್ತೀನಿ,” ಅಂದಳು ದೊಡ್ಡಮ್ಮ.

ಹುಡುಗಿ ಫೋನಿನಲ್ಲಿ, ಅಮ್ಮ ಬರಲಿ ಅಂದಳು. ಅಪ್ಪನೂ ಬರಬಹುದು, ಆದರೆ ಬಂದ ಕೂಡಲೇ ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರು ಮಾಡಬಾರದು ಅಂದಳು. ಅದನ್ನು ಪಾಸ್ಟರಿಗೆ ತಲುಪಿಸೋಕೆ ದೊಡ್ಡಮ್ಮನಿಗೆ ಭಾರಿ ಮುಜುಗರವಾಯಿತು. ಪಾಸ್ಟರು ಕೇಳಿಕೊಂಡು, “ಮನಸ್ಸಿನಲ್ಲಿ ಮಾಡ್ತೀನಿ. ಅದು ಅವಳಿಗೆ ಕೇಳ್ಸಲ್ಲ,” ಅಂದರು. ತಮಾಷೆಗೆ ಅಂದದ್ದಲ್ಲ, ಆದರೆ ಪಕ್ಕದಲ್ಲಿದ್ದ ಪಾಸ್ಟರಮ್ಮ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದಂತೆ.

ಶನಿವಾರ ಅವರ ಹಳೆ ಕಾರಿನಲ್ಲಿ ಹೋದರು. ದೊಡ್ಡಮ್ಮ ತನ್ನ ದಿಂಬು ತಂದು ಹಾಕಿಕೊಂಡಳು. ಪಾಸ್ಟರಮ್ಮ ಮುಂದೆ ಕೂತು ಮಗಳ ಚಳಿಯ ಬಟ್ಟೆಗಳ ಚೀಲವನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದರು. ಪಾಸ್ಟರು ಹಿಂದೆ, ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು.

ಟೀಚರ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದದ್ದು ಹುಡುಗಿಯೇ. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಗೆಳತಿ ಕೈ ಕಟ್ಟಿ ನಿಂತಿದ್ದಳು. ಪಾಸ್ಟರಮ್ಮ ಮಗಳನ್ನು ತಬ್ಬಿಕೊಂಡರು. ಪಾಸ್ಟರು ಹೊಸಿಲ ಹತ್ತಿರವೇ ನಿಂತರು. ಎತ್ತಿದ ಕೈಯನ್ನು ಏನು ಮಾಡಬೇಕು ಅಂತ ತಿಳಿಯದೆ ಮತ್ತೆ ಜೇಬಿಗೆ ಹಾಕಿಕೊಂಡರು. ಮಗಳನ್ನೇ ನೋಡಿದರು.

“ಕೂದಲು ಕತ್ತರಿಸಿಕೊಂಡಿದ್ದೀಯಾ.”

“ಹೂಂ ಅಪ್ಪ.”

“ನಮ್ಮಮ್ಮನೂ ಹೀಗೇ ಇಟ್ಕೊಂಡಿದ್ಲು, ಕೊನೇಲಿ. ಅವಳ ಥರ ಕಾಣ್ತೀಯ.”

ಅಷ್ಟೇ ಮಾತು. ಎಲ್ಲರೂ ಒಳಗೆ ಹೋದರು. ಊಟದ ಮೇಜಿನ ಸುತ್ತ ಕುರ್ಚಿ ಸಾಲದೆ ಟೀಚರು ಪಕ್ಕದ ಮನೆಯಿಂದ ಸ್ಟೂಲು ತಂದಳು. ಪಾಸ್ಟರು ಆ ಗೆಳತಿಯ ಮುಖ ನೋಡಿ ಮಾತಾಡಿದ್ದು ಹೊರಡುವ ಹೊತ್ತಿಗೆ, ಅದೂ ಏನು ಓದುತ್ತಿದ್ದೀಯ ಅಂತ ಕೇಳಿದ್ದು. ಅವಳು ಹೇಳಿದಳು. ಓದು ನಿಲ್ಲಿಸಬೇಡ ಅಂದರು.

ಪಾಸ್ಟರ ಮನಸ್ಸು ಪೂರ್ತಿ ಬದಲಾಯಿತು ಅಂತ ನಾನು ಹೇಳಲಾರೆ. ಇದು ಪಾಪ ಅಲ್ಲ ಅಂತ ಅವರು ಒಂದು ದಿನವೂ ಪೀಠದ ಮೇಲಿಂದ ಹೇಳಲಿಲ್ಲ. ಪಾಪ ಅಂತಲೂ ಮತ್ತೆ ಹೇಳಲಿಲ್ಲ. ಹಿರಿಯರಿಗೆ ಅದೂ ಸಾಲಲಿಲ್ಲ. ಒಂದೆರಡು ವರ್ಷದಲ್ಲಿ ಅವರನ್ನು ಬೇರೆ ಊರಿನ ಒಂದು ಪುಟ್ಟ ಚರ್ಚಿಗೆ ವರ್ಗ ಮಾಡಿದರು. ಅಲ್ಲಿ ಅವರು ಸುಖವಾಗಿಯೇ ಇದ್ದಾರೆ ಅಂತ ಕೇಳಿದ್ದೇನೆ. ಮಗಳು ಬೇರೆ ಕಾಲೇಜಿನಲ್ಲಿ ಓದು ಮುಗಿಸಿ ನರ್ಸಾದಳು. ರಜೆಯಲ್ಲಿ ಇಬ್ಬರೂ ಅಪ್ಪ ಅಮ್ಮನ ಮನೆಗೆ ಹೋಗುತ್ತಾರೆ. ಗೆಳತಿಗೆ ಮುಂದಿನ ಕೋಣೆಯಲ್ಲಿ ಬೇರೆ ಹಾಸಿಗೆ ಹಾಕಿರುತ್ತಾರೆ. ಅದಕ್ಕೆ ಹುಡುಗಿಗೆ ಈಗಲೂ ಸಿಟ್ಟು, ಆದರೂ ಹೋಗುತ್ತಾಳೆ.

ಪಾಸ್ಟರು ಹೋಗುವ ಮುಂಚೆ ದೊಡ್ಡಮ್ಮನನ್ನು ಕ್ವಾಯರಿಗೆ ವಾಪಸ್ಸು ಸೇರಿಸುವಂತೆ ಹೇಳಿಹೋದರು. ಕ್ವಾಯರ್ ಮಾಸ್ಟರ್ ಬಂದು ಕರೆದ. ದೊಡ್ಡಮ್ಮ ಯೋಚನೆ ಮಾಡಿ, “ಹಿಂದಿನ ಬೆಂಚು ಅಭ್ಯಾಸ ಆಗಿಬಿಟ್ಟಿದೆ. ಅಲ್ಲಿ ಕಾಲು ಚಾಚಬಹುದು,” ಅಂದಳು. ಅವನಿಗೆ ಬೇಜಾರಾಗದಿರಲಿ ಅಂತ ದೊಡ್ಡ ಹಬ್ಬಗಳಲ್ಲಿ ಮಾತ್ರ ಮುಂದೆ ಹೋಗಿ ನಿಲ್ಲುತ್ತಿದ್ದಳು.

ರಜೆ ಬಂದಾಗಲೆಲ್ಲ ತಂಡದ ಜೊತೆ ಹೋಗುವುದು ಮಾತ್ರ ತಪ್ಪಲಿಲ್ಲ. ಆ ಗೇಟು ಮುಚ್ಚಿದ್ದ ಕಾಲೇಜಿನವರು ಕೆಲವು ವರ್ಷದ ಮೇಲೆ ಇವರನ್ನು ಕ್ಯಾಂಟೀನಿನ ತನಕ ಬಿಟ್ಟರು, ಕ್ಲಾಸಿನ ಕಡೆಗೆ ಇನ್ನೂ ಬಿಟ್ಟಿಲ್ಲ. ಆ ಸಲ ದೊಡ್ಡಮ್ಮ ಬಸ್ಸಿನಲ್ಲಿ ಕೂರದೆ ತಾನೂ ಒಳಗೆ ಹೋದಳು. ಒಬ್ಬ ಹುಡುಗ, ನೀವು ಯಾರು ಅಂತ ಕೇಳಿದನಂತೆ. ಇವರ ಆಂಟಿ ಅಂದಳಂತೆ.

ಈಗ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ದೂರದ ದಾರಿಗೆ ಅವಳು ಗಾಡಿ ಓಡಿಸುವುದಿಲ್ಲ. ಆ ‘ತಮ್ಮ’ ಅವಳ ಹತ್ತಿರವೇ ಕಲಿತು ಲೈಸೆನ್ಸ್ ತೆಗೆದುಕೊಂಡ, ಈಗ ತಂಡದ ಬಸ್ಸು ಅವನದೇ. ದೊಡ್ಡಮ್ಮ ಅವನ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಾಳೆ. ಕಳೆದ ಸಲ ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ಬ್ರೇಕಿನ ವಿಷಯಕ್ಕೆ ಇಬ್ಬರಿಗೂ ಜಗಳ. ಒಂದು ಇಳಿಜಾರಿನಲ್ಲಿ ಅವನು ತಡೆಯಲಾರದೆ, “ಆಂಟಿ, ಓಡಿಸ್ತಿರೋದು ನಾನಾ, ನೀವಾ?” ಅಂದ.

“ಓಡಿಸೋದು ನೀನೇ. ನಾನು ಬರೀ ಹೇಳ್ತಿದ್ದೀನಿ. ಗೇರು ಇಳಿಸು,” ಅಂದಳು ದೊಡ್ಡಮ್ಮ. ಅವನು ಇಳಿಸಿದ.